ಹಕ್ಕಲು: ಹೊಲದಲ್ಲಿ ಉಳಿದದ್ದು ಯಾರದು?

(ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಗ್ರಂಥಾಲಯದಲ್ಲಿ ರೈತರು, ಶಿಕ್ಷಕರು ಮತ್ತು ಬಿಸಿಯೂಟದ ಅಡುಗೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಅಂದು ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕೋಲಾರದವರ ಮುಂದೆ ಟೊಮೆಟೊ ಬಗ್ಗೆ ಮಾತನಾಡುವುದೆಂದರೆ ತಾಯಿಯ ಮುಂದೆ ತವರೂರಿನ ಸುದ್ದಿ ಹೇಳಿದ ಹಾಗೆ. ಆದ್ದರಿಂದ ಅದನ್ನು ಆಮೇಲಕ್ಕಿಟ್ಟುಕೊಂಡು ನನಗೆ ಗೊತ್ತಿರುವ ಬೆಳೆಯಿಂದ ಶುರು ಮಾಡುತ್ತೇನೆ.

ನನ್ನ ಹುಟ್ಟೂರು ಚಳ್ಳಕೆರೆ ಕಡೆ. ನೀವು ಕಡಲೆಕಾಯಿ ಎನ್ನುವುದನ್ನು ನಾವು ಶೇಂಗಾ ಎನ್ನುತ್ತೇವೆ. ನಾನು ಚಿಕ್ಕವಳಿದ್ದಾಗ ಊರ ಸುತ್ತ ಕಣ್ಣು ಹಾಯುವಷ್ಟು ದೂರವೂ ಅದೇ ಬೆಳೆ. ಶೇಂಗಾ ಕೀಳುವ ಹೊತ್ತಿಗೆ ನೆಲದಲ್ಲಿ ಹದವಿರಬೇಕು. ಮಳೆ ಕೈಕೊಟ್ಟು ಕೆಂಪು ಮಣ್ಣು ಬಿಗಿದುಕೊಂಡರೆ ಗಿಡ ಕೈಗೆ ಬರುತ್ತದೆ, ಕಾಯಿ ತೊಟ್ಟು ಕಡಿದುಕೊಂಡು ಒಳಗೇ ಉಳಿಯುತ್ತದೆ. ನಾಲ್ಕು ದಿನ ತಡವಾಗಿ ಕಿತ್ತರೂ ಅದೇ ಪಾಡು. ಹೊಲದವರು ಗಿಡ ಕಿತ್ತು, ಒಟ್ಟಿ, ಬಂಡಿಗೆ ಹೇರಿಕೊಂಡು ಹೋದ ಮೇಲೆ ನನ್ನ ಅಜ್ಜಿ ಕುಡುಗೋಲು ಹಿಡಿದು ಹೊರಡುತ್ತಿದ್ದಳು. ಜೊತೆಗೆ ಕೇರಿಯ ಏಳೆಂಟು ಹೆಂಗಸರು, ನಮ್ಮಂಥ ಮಕ್ಕಳು. ಕುಡುಗೋಲಿನ ತುದಿಯಿಂದ ಮಣ್ಣು ಕೆದಕಿ, ಉಳಿದ ಕಾಯಿ ಹೆಕ್ಕಿ, ಮಡಿಲಿಗೆ ಹಾಕಿಕೊಳ್ಳುವುದು. ಸಂಜೆಗೆ ಎರಡು ಸೇರು ಆದರೆ ಆ ದಿನ ಚೆನ್ನಾಗಿತ್ತು ಎಂದು ಲೆಕ್ಕ. ಇದಕ್ಕೆ ‘ಹಕ್ಕಲಿಗೆ ಹೋಗುವುದು’ ಎನ್ನುತ್ತಿದ್ದರು.

ಅಜ್ಜಿಗೆ ಒಂದು ಕಟ್ಟಳೆ ಇತ್ತು. ಕೊನೆಯ ಬಂಡಿ ಬದು ದಾಟುವ ತನಕ ಹೊಲಕ್ಕೆ ಕಾಲಿಡುವಂತಿಲ್ಲ. ನಾವು ಆತುರಪಟ್ಟರೆ ‘ಬಂಡಿ ದಾಟಲಿ’ ಎಂದು ಗದರುತ್ತಿದ್ದಳು. ಬಂಡಿ ದಾಟಿದ ಮೇಲೆ ಮಾತ್ರ ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಹೊಲದ ಯಜಮಾನರು ಬದುವಿನ ಮೇಲೆ ನಿಂತು ‘ಮಂಡಿ ನೋವು ಹೇಗಿದೆಯಮ್ಮಾ’ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರೇ ಹೊರತು, ‘ಇಷ್ಟು ತೆಗೆದುಕೋ’ ಎಂದಾಗಲಿ ‘ಸಾಕು ಮಾಡು’ ಎಂದಾಗಲಿ ಹೇಳುತ್ತಿರಲಿಲ್ಲ. ಅಜ್ಜಿ ಅವರಿಗೆ ಕೈ ಮುಗಿಯುತ್ತಲೂ ಇರಲಿಲ್ಲ. ಕೊಟ್ಟವರೇ ಇಲ್ಲದ ಮೇಲೆ ಕೈ ಮುಗಿಯುವುದು ಯಾರಿಗೆ?

ಇವತ್ತಿನ ಮಾತಿನ ಗಂಟೆಲ್ಲ ಅಲ್ಲಿದೆ. ಹಕ್ಕಲು ಎಂಬ ಪದದಲ್ಲಿ ‘ಹಕ್ಕು’ ಕೇಳಿಸುತ್ತದೆ. ಆದರೆ ಎರಡಕ್ಕೂ ನಂಟಿಲ್ಲ. ಹಕ್ಕು ಅರಬಿಯಿಂದ ಬಂದದ್ದು, ಹಕ್ಕಲು ಇಲ್ಲಿಯದೇ. ಮಲೆನಾಡಿನಲ್ಲಿ ಇದೇ ಪದಕ್ಕೆ ಪಾಳು ಬಿದ್ದ ಕುರುಚಲು ನೆಲ ಎಂಬ ಅರ್ಥವೂ ಇದೆ. ಭಾಷಾಶಾಸ್ತ್ರ ಒಪ್ಪದಿದ್ದರೂ ನನ್ನ ಕಿವಿ ಮಾತ್ರ ಎರಡನ್ನೂ ಒಟ್ಟಿಗೇ ಕೇಳುತ್ತದೆ.

ಹಳೆಯ ಕಾಲದ ಕಣದಿಂದ ಕಾಳು ಬಡವರ ಮನೆಗೆ ಹೋಗಲು ಮೂರು ದಾರಿಗಳಿದ್ದವು. ಕಮ್ಮಾರ, ಬಡಗಿ, ಅಗಸ, ತೋಟಿ ಇವರಿಗೆ ಸಲ್ಲುತ್ತಿದ್ದದ್ದು ಆಯ. ಅದು ವರ್ಷದ ದುಡಿಮೆಗೆ ಕೊಟ್ಟ ಕೂಲಿ. ಕಣದ ಪೂಜೆ ಮುಗಿದಾಗ ಬಂದವರಿಗೆ ಮೊರದಲ್ಲಿ ಕೊಡುತ್ತಿದ್ದದ್ದು ದಾನ. ಅಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಮೂರನೆಯದು ಹಕ್ಕಲು. ಅಲ್ಲಿ ಕೈಯೇ ಇಲ್ಲ, ನೆಲ ಮಾತ್ರ. ಈ ಮೂರನ್ನು ಕಲಸಿಬಿಟ್ಟದ್ದೇ ನಾವು ಮಾಡಿದ ತಪ್ಪು ಎಂದು ನನಗೆ ಅನ್ನಿಸುತ್ತದೆ. ಈಗ ಯಾರಾದರೂ ಹೊಲದಲ್ಲಿ ಉಳಿದ ತರಕಾರಿಯನ್ನು ಹಾಸ್ಟೆಲಿಗೆ ಸಾಗಿಸಿದರೆ ಹಾರ ಹಾಕಿ, ಫೋಟೊ ತೆಗೆದು, ‘ದಾನಿಗಳು’ ಎಂದು ಬ್ಯಾನರ್ ಕಟ್ಟುತ್ತೇವೆ. ಮಕ್ಕಳು ಸಾಲಾಗಿ ನಿಂತು ಚಪ್ಪಾಳೆ ತಟ್ಟಬೇಕು.

ಸಂಸ್ಕೃತದವರು ಇದನ್ನು ಉಂಛ ಎಂದರು. ಕೊಯ್ಲು ಮುಗಿದ ಗದ್ದೆಯಲ್ಲಿ ಬಿದ್ದ ಕಾಳನ್ನು ಒಂದೊಂದಾಗಿ ಆರಿಸಿ ಬದುಕುವುದು ಉಂಛವೃತ್ತಿ. ಯಾರಿಗೂ ಕೈ ಒಡ್ಡದ ಬದುಕು ಎಂದು ಅದಕ್ಕೆ ದೊಡ್ಡ ಮರ್ಯಾದೆ ಇತ್ತು. ಮುಂದೆ ಅದೇ ಪದಕ್ಕೆ ಮನೆಮನೆಯ ಮುಂದೆ ಹಾಡುತ್ತ ಅಕ್ಕಿ ಬೇಡುವುದು ಎಂಬ ಅರ್ಥ ಬಂತು. ಆರಿಸಿಕೊಳ್ಳುವುದು ಬೇಡುವುದಾಗಿ ಜಾರಿದ್ದಕ್ಕೆ ಪದವೇ ಸಾಕ್ಷಿ.

ಆದರೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದವರಿದ್ದಾರೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ದಂಪತಿ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದೇ ಮಾರಯ್ಯನ ಕಾಯಕ. ಹೆಸರೇ ಹಾಗೆ ಬಂದದ್ದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನವರೇ ಬೇಕೆಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದರು ಎಂದು ಕಥೆ. ಲಕ್ಕಮ್ಮ ಗಂಟು ನೋಡಿದಳು. ‘ಈಸಕ್ಕಿಯಾಸೆ ನಿಮಗೇಕೆ?’ ಎಂದು ಕೇಳಿದಳು. ಹೆಚ್ಚಾದದ್ದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಗಂಡನನ್ನು ವಾಪಸು ಕಳಿಸಿದಳು.

ಶಾಲೆಯಲ್ಲಿ ಈ ಕಥೆಯನ್ನು ದುರಾಸೆ ಬೇಡ ಎಂಬ ನೀತಿಗೆ ಕಟ್ಟಿ ಮುಗಿಸುತ್ತೇವೆ. ನಾನೂ ಮೂವತ್ತು ವರ್ಷ ಹಾಗೆಯೇ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೆ ಬೈಬಲ್ಲಿನ ರೂತಳ ಕಥೆ ಓದಿದಾಗ ಬೇರೊಂದು ಅರ್ಥ ಹೊಳೆಯಿತು. ರೂತಳು ಗಂಡನನ್ನು ಕಳೆದುಕೊಂಡು ಅತ್ತೆಯ ಜೊತೆ ಪರನಾಡಿಗೆ ಬಂದ ಹೆಣ್ಣು. ಬೇತ್ಲೆಹೇಮಿನ ಜವೆಗೋಧಿ ಹೊಲದಲ್ಲಿ ಹಕ್ಕಲಾಯುತ್ತಾಳೆ. ಹೊಲದ ಯಜಮಾನ ಬೋವಜನು ಆಳುಗಳಿಗೆ ಗುಟ್ಟಾಗಿ ಹೇಳುತ್ತಾನೆ: ಸಿವುಡಿನಿಂದ ಒಂದಷ್ಟು ತೆನೆ ಬೇಕೆಂದೇ ಉದುರಿಸಿ, ಅವಳು ಆರಿಸಿಕೊಳ್ಳಲಿ, ಗದರಿಸಬೇಡಿ. ಬಸವಣ್ಣನವರೂ ಬೋವಜನೂ ಮಾಡಿದ್ದು ಒಂದೇ ಕೆಲಸ. ದಾನವನ್ನು ಹಕ್ಕಲಿನ ವೇಷದಲ್ಲಿ ನೆಲಕ್ಕೆ ಚೆಲ್ಲಿದರು, ಪಡೆಯುವವರ ಮರ್ಯಾದೆ ಉಳಿಯಲಿ ಎಂದು. ರೂತಳಿಗೆ ಅದು ತಿಳಿಯಲಿಲ್ಲ, ತೆಗೆದುಕೊಂಡಳು. ಲಕ್ಕಮ್ಮನಿಗೆ ಗಂಟಿನ ತೂಕದಲ್ಲೇ ತಿಳಿಯಿತು. ಬೋವಜನ ಸೂಕ್ಷ್ಮ ದೊಡ್ಡದೋ ಲಕ್ಕಮ್ಮನ ಸೂಕ್ಷ್ಮ ದೊಡ್ಡದೋ ಎಂದು ನನ್ನ ಹಳೆಯ ವಿದ್ಯಾರ್ಥಿಗಳ ಹತ್ತಿರ ಇವತ್ತಿಗೂ ವಾದ ಮಾಡುತ್ತೇನೆ. ನಾನು ಲಕ್ಕಮ್ಮನ ಕಡೆ.

ಯಹೂದಿಗಳು ಈ ವಿಷಯದಲ್ಲಿ ವಕೀಲರಂತೆ ಕೂದಲು ಸೀಳಿದ್ದಾರೆ. ಹೊಲದ ಅಂಚನ್ನು ಕೊಯ್ಯದೆ ಬಿಡಬೇಕು, ಉದುರಿದ ತೆನೆಗೆ ಹಿಂದಿರುಗಬಾರದು, ಹೊಲದಲ್ಲಿ ಮರೆತು ಬಂದ ಸಿವುಡನ್ನು ತರಲು ಹೋಗಬಾರದು, ಅದು ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಎಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ಅಂಚು ಎಂದರೆ ಎಷ್ಟು? ಅರವತ್ತರಲ್ಲಿ ಒಂದು ಪಾಲಿಗೆ ಕಡಿಮೆ ಬೇಡ ಎಂದರು ಮಿಶ್ನಾ ಎಂಬ ಯಹೂದಿ ಧರ್ಮನಿಯಮಗಳ ಸಂಗ್ರಹ ಬರೆದವರು. ಉದುರಿದ್ದು ಎಂದರೆ ಎಷ್ಟು? ಒಟ್ಟಿಗೆ ಎರಡು ತೆನೆ ಬಿದ್ದರೆ ಬಡವರದು, ಮೂರು ಬಿದ್ದರೆ ಯಜಮಾನನದು. ಇದನ್ನು ಓದಿ ನಕ್ಕೆ. ಆದರೆ ಅದೇ ಶಾಸ್ತ್ರದ ಇನ್ನೊಂದು ಮಾತಿಗೆ ನಗು ನಿಂತಿತು: ಈ ಪಾಲು ಯಾರಿಗೆ ಹೋಗಬೇಕು ಎಂದು ಆರಿಸುವ ಅಧಿಕಾರ ಯಜಮಾನನಿಗಿಲ್ಲ. ತನಗೆ ಬೇಕಾದ ಬಡವನನ್ನು ಕರೆದು ಕೊಡುವಂತಿಲ್ಲ; ಬಂದವರು ಆರಿಸಿಕೊಳ್ಳುತ್ತಾರೆ. ಅಜ್ಜಿ ಕೈ ಮುಗಿಯದಿದ್ದದ್ದು ಇದಕ್ಕೇ.

ಫ್ರಾನ್ಸಿನಲ್ಲಿ 1554ರಲ್ಲಿ ಎರಡನೆಯ ಹೆನ್ರಿ ಒಂದು ಶಾಸನ ಹೊರಡಿಸಿದ. ಮುದುಕರು, ಅಂಗವಿಕಲರು, ಮಕ್ಕಳು, ಬಡವರು ಹಕ್ಕಲಾಯಬಹುದು; ಆದರೆ ಪೈರು ಹೊಲದಿಂದ ಹೊರಟ ಮೇಲೆ, ಸೂರ್ಯ ಹುಟ್ಟಿದ ನಂತರ, ಮುಳುಗುವುದರೊಳಗೆ. ರಾಜಮುದ್ರೆ ಬಿದ್ದ ‘ಬಂಡಿ ದಾಟಲಿ’. ಇಂಗ್ಲೆಂಡಿನಲ್ಲಿ ಕಥೆ ತಿರುಗಿತು. ಸಫೋಕ್ ಸೀಮೆಯ ಟಿಮ್‌ವರ್ತ್ ಎಂಬ ಹಳ್ಳಿಯಲ್ಲಿ ಮೇರಿ ಹೌಟನ್ ಎಂಬಾಕೆ ಹಕ್ಕಲಾಯ್ದಳೆಂದು ಹೊಲದ ಯಜಮಾನ ಸ್ಟೀಲ್ ಮೊಕದ್ದಮೆ ಹೂಡಿದ. 1788ರಲ್ಲಿ ನ್ಯಾಯಾಲಯ ಹಕ್ಕಲಾಯುವ ಹಕ್ಕು ಯಾರಿಗೂ ಇಲ್ಲ ಎಂದು ತೀರ್ಪು ಕೊಟ್ಟಿತು. ನಾಲ್ವರು ನ್ಯಾಯಾಧೀಶರಲ್ಲಿ ಒಬ್ಬರು ಒಪ್ಪಲಿಲ್ಲ. ಹಳ್ಳಿಗಳೂ ಒಪ್ಪಲಿಲ್ಲ. ತೀರ್ಪು ಬಂದ ಮೇಲೂ ಎಷ್ಟೋ ಊರುಗಳಲ್ಲಿ ಬೆಳಿಗ್ಗೆ ಚರ್ಚಿನ ಗಂಟೆ ಬಾರಿಸಿ ಹಕ್ಕಲಿಗೆ ಹೊತ್ತಾಯಿತು ಎಂದು ಸಾರುವುದು ನಡೆದೇ ಇತ್ತು. ಆದರೂ ಕಾಗದದ ಮೇಲೆ ನೆಲದೊಡನೆ ನೆಲಕ್ಕೆ ಬಿದ್ದದ್ದೂ ಯಜಮಾನನದಾಯಿತು.

ಇಷ್ಟು ಹೇಳಿ ನಮ್ಮ ಹಳೆಯ ಕಾಲ ಚಿನ್ನದಂತಿತ್ತು ಎಂದು ನಾನು ಹೇಳುವುದಿಲ್ಲ. ಹಕ್ಕಲಿಗೆ ಹೋಗುತ್ತಿದ್ದವರು ಯಾರು? ನೆಲವಿಲ್ಲದವರು. ಅವರಿಗೆ ನೆಲವೇಕಿರಲಿಲ್ಲ ಎಂಬುದಕ್ಕೆ ಜಾತಿಯನ್ನು ಬಿಟ್ಟು ಉತ್ತರ ಹೇಳಲಾಗದು. ವರ್ಷವಿಡೀ ಜೀತ ಮಾಡಿಸಿಕೊಂಡು, ಕೊನೆಗೆ ಕಣ ಗುಡಿಸಿದ ಮಣ್ಣುಗಾಳನ್ನೇ ಕೂಲಿ ಎಂದು ಕೈತೊಳೆದುಕೊಂಡವರ ಕಥೆ ಪ್ರತಿ ತಾಲ್ಲೂಕಿನಲ್ಲೂ ಇದೆ. ಬರಗಾಲದಲ್ಲಿ ಇಲಿಯ ಬಿಲ ಅಗೆದು ಕಾಳು ತೆಗೆದದ್ದನ್ನು ಹಿರಿಯರು ಹೇಳುವಾಗ ದನಿ ತಗ್ಗಿಸುತ್ತಾರೆ. ಕೂಲಿಗೆ ಬದಲು ಹಕ್ಕಲು ಕೊಟ್ಟರೆ ಅದು ಹಕ್ಕಲಲ್ಲ, ಕಳ್ಳತನ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಇದು ನನ್ನನ್ನೇ ಕಾಡಿತು.

ಈಗ ನಿಮ್ಮ ಊರಿಗೆ ಬರುತ್ತೇನೆ.

ಅಜ್ಜಿಯ ಕಾಲದಲ್ಲಿ ಹೊಲದಲ್ಲಿ ಉಳಿಯುತ್ತಿದ್ದದ್ದು ತಪ್ಪಿ ಬಿದ್ದ ಕಾಯಿ. ಈಗ ಹೊಲಕ್ಕೆ ಹೊಲವೇ ಉಳಿಯುತ್ತದೆ. 2023ರ ಜುಲೈಯಲ್ಲಿ ಇದೇ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ರಾತ್ರಿ ಹೊಲದಲ್ಲಿ ಟಾರ್ಚ್ ಹಿಡಿದು ಕಾವಲು ಕೂತವರು ಈ ಸಭೆಯಲ್ಲೇ ಇದ್ದೀರಿ. ಬೇರೆ ವರ್ಷಗಳಲ್ಲಿ ಅದೇ ಹಣ್ಣು ಕಿಲೋಗೆ ಎರಡು ಮೂರು ರೂಪಾಯಿಗೆ ಇಳಿದದ್ದನ್ನೂ ಕಂಡಿದ್ದೀರಿ. ಹಾಗಾದಾಗ ಏನಾಗುತ್ತದೆ ಎಂಬುದನ್ನು ಇಲ್ಲಿನ ಒಬ್ಬರು ಹಿಂದೊಮ್ಮೆ ನನಗೆ ರಸಗೊಬ್ಬರದ ರಸೀದಿಯ ಹಿಂದೆ ಬರೆದು ತೋರಿಸಿದ್ದರು. ಕೀಳುವ ಕೂಲಿ, ಬಾಕ್ಸಿನ ಬಾಡಿಗೆ, ಟೆಂಪೊ, ಹಮಾಲಿ, ದಲ್ಲಾಲಿ ಎಲ್ಲ ಸೇರಿ ಬಾಕ್ಸಿಗೆ ಖರ್ಚು ಅರವತ್ತರ ಮೇಲೆ, ಬರುವುದು ನಲವತ್ತು. ‘ಮೇಡಂ, ಕಿತ್ತರೆ ಬಾಕ್ಸಿಗೆ ಇಪ್ಪತ್ತು ರೂಪಾಯಿ ದಂಡ. ಕೀಳದಿದ್ದರೆ ದಂಡವಿಲ್ಲ’ ಎಂದರು. ಇದಕ್ಕಿಂತ ಚೆನ್ನಾಗಿ ಯಾವ ಅರ್ಥಶಾಸ್ತ್ರಜ್ಞನೂ ನನಗೆ ವಿವರಿಸಿಲ್ಲ. 2025ರ ಜೂನ್‌ನಲ್ಲಿ ಶ್ರೀನಿವಾಸಪುರದ ತೋತಾಪುರಿ ಮಾವಿಗೂ ಇದೇ ಗತಿ ಬಂತು. ಗಡಿಯಾಚೆ ಚಿತ್ತೂರಿನ ತಿರುಳು ಕಾರ್ಖಾನೆಗಳ ಬಾಗಿಲು ನಮ್ಮ ಹಣ್ಣಿಗೆ ಮುಚ್ಚಿತು.

ಕೊಯ್ಲಾದ ಮೇಲೆ ಎಷ್ಟು ಹಾಳಾಗುತ್ತದೆ ಎಂದು ಲೂಧಿಯಾನದ ಕೇಂದ್ರ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆ 2015ರಲ್ಲಿ ಲೆಕ್ಕ ಕೊಟ್ಟಿತು. ಟೊಮೆಟೊ ನೂರಕ್ಕೆ 12.44, ಸೀಬೆ 15.88. ಆದರೆ ಅದು ಕೊಯ್ಲಿನಿಂದ ಮುಂದಿನ ಲೆಕ್ಕ. ಬೆಲೆಯಿಲ್ಲವೆಂದು ಕೊಯ್ಯದೇ ಬಿಟ್ಟು, ಬೆಳೆಯನ್ನು ಮಣ್ಣಿಗೆ ಬೆರೆಸುವ ರೋಟವೇಟರ್ ಹೊಡೆಸಿದ ಹೊಲ ಆ ಲೆಕ್ಕದಲ್ಲಿ ಬರುವುದಿಲ್ಲ. ಅದು ಬೆಳೆಯೂ ಅಲ್ಲ, ನಷ್ಟವೂ ಅಲ್ಲ, ಗೊಬ್ಬರ.

ಇನ್ನೊಂದು ಕಡೆ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಚಿಕ್ಕ ಮಕ್ಕಳಲ್ಲಿ 65 ಮಂದಿಗೆ, ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಅಕ್ಕಿ ಇಲ್ಲವೇ? ಇದೆ. 2013ರಿಂದ ಅನ್ನಭಾಗ್ಯ ನಡೆಯುತ್ತಿದೆ, ಅದಕ್ಕೂ ಮೊದಲಿನಿಂದ ಪಡಿತರವಿದೆ. ಇವತ್ತಿನ ಹಸಿವು ಖಾಲಿ ತಟ್ಟೆಯ ಹಸಿವಲ್ಲ. ತಟ್ಟೆಯಲ್ಲಿ ಅನ್ನವಿದೆ, ಸಾರೂ ಇದೆ, ಸಾರಿನಲ್ಲಿ ತರಕಾರಿಯನ್ನು ಹುಡುಕಬೇಕು. ಇದು ಕಣ್ಣಿಗೆ ಕಾಣದ ಹಸಿವು, ಆದ್ದರಿಂದಲೇ ಇದಕ್ಕೆ ಯಾರೂ ಧರಣಿ ಕೂರುವುದಿಲ್ಲ. ತರಕಾರಿ ಬೆಳೆಯುವ ಊರಿನಲ್ಲೇ ಹೀಗೆ ಎಂಬುದು ನನಗೆ ಅರಗಿಸಿಕೊಳ್ಳಲಾಗದ ಸಂಗತಿ. ಟೊಮೆಟೊ ಬುಟ್ಟಿ ಹೊತ್ತು ದುಡಿಯುವ ತಾಯಿಯ ಮಗು ಶಾಲೆಯಲ್ಲಿ ತಿಳಿಸಾರು ಉಣ್ಣುತ್ತದೆ.

ನನ್ನ ಶಾಲೆಯಲ್ಲಿ ನಾವು ಮಾಡಿದ್ದನ್ನು ಹೇಳುತ್ತೇನೆ. ಸಾಧನೆ ಎಂದು ಹೇಳುತ್ತಿಲ್ಲ, ಮೊದಲ ವರ್ಷ ಮಾಡಿದ್ದೆಲ್ಲ ಎಡವಟ್ಟು. ಬಿಸಿಯೂಟದ ಲೆಕ್ಕದಲ್ಲಿ ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 50 ಗ್ರಾಂ, ಆರರಿಂದ ಎಂಟರವರೆಗಿನ ಮಗುವಿಗೆ 75 ಗ್ರಾಂ ತರಕಾರಿ ಸಿಗಬೇಕು. ನಮ್ಮ ಮಕ್ಕಳ ಸಂಖ್ಯೆಗೆ ದಿನಕ್ಕೆ ಒಂಬತ್ತು ಕಿಲೋ ಆಗುತ್ತಿತ್ತು. ಪಕ್ಕದ ಹೊಲದವರು ಟೊಮೆಟೊ ಬಿಟ್ಟಿದ್ದಾರೆಂದು ತಿಳಿದು, ಅವರನ್ನು ಕೇಳಿ, ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು, ದೊಡ್ಡ ಮಕ್ಕಳು ಸೇರಿ ಶನಿವಾರ ಮಧ್ಯಾಹ್ನ ಕಿತ್ತೆವು. ಹುಮ್ಮಸ್ಸಿನಲ್ಲಿ ಹನ್ನೊಂದು ಬಾಕ್ಸ್ ಕಿತ್ತೆವು. ಅಂದರೆ 165 ಕಿಲೋ. ಸೋಮವಾರ ಅಡುಗೆಯವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. ‘ಮೇಡಂ, ಟೊಮೆಟೊ ಗೊಜ್ಜು, ಟೊಮೆಟೊ ಸಾರು, ಟೊಮೆಟೊ ಬಾತ್. ಗುರುವಾರಕ್ಕೆ ಏನು ಮಾಡಲಿ?’ ಗುರುವಾರಕ್ಕೆ ಏನೂ ಮಾಡಬೇಕಾಗಲಿಲ್ಲ, ಅಷ್ಟರಲ್ಲಿ ಕೊಳೆತಿತ್ತು. ರಸ್ತೆಗೆ ಸುರಿಯುವುದನ್ನು ತಪ್ಪಿಸಿ ಶಾಲೆಯ ಹಿತ್ತಲಿಗೆ ಸುರಿದೆವು. ಈಸಕ್ಕಿಯಾಸೆ ನಿಮಗೇಕೆ ಎಂದು ಲಕ್ಕಮ್ಮ ಎಲ್ಲಿಂದಲೋ ಕೇಳಿದ ಹಾಗಾಯಿತು.

ಆ ಕೊಳೆತ ಟೊಮೆಟೊದಿಂದಲೇ ನನಗೆ ಒಂದು ವಿಷಯ ಹೊಳೆದದ್ದು. ದೂರದ ಮಾರುಕಟ್ಟೆಗೆ ಹೋಗುವ ಹಣ್ಣನ್ನು ಅರ್ಧ ಬಣ್ಣ ತಿರುಗಿದಾಗಲೇ ಕೀಳುತ್ತಾರೆ, ದಾರಿಯಲ್ಲಿ ಹಣ್ಣಾಗಲಿ ಎಂದು. ಗಿಡದಲ್ಲೇ ಉಳಿದದ್ದು ಪೂರ್ತಿ ಕೆಂಪಾದದ್ದು. ಎರಡು ದಿನಕ್ಕೆ ಮೆತ್ತಗಾಗುತ್ತದೆ. ದೆಹಲಿಗೆ ಅದು ಕಸ. ನಾಳಿನ ಸಾರಿಗೆ ಅದಕ್ಕಿಂತ ಒಳ್ಳೆಯ ಹಣ್ಣು ಇಲ್ಲ. ಅಂದರೆ ಹಕ್ಕಲಿಗೆ ಒಂದು ಎಲ್ಲೆ ತಾನಾಗಿಯೇ ಇದೆ: ಒಂದು ದಿನದಲ್ಲಿ ತಲುಪಿ ಅಡುಗೆಯಾಗುವಷ್ಟು ದೂರ. ಬೆಂಗಳೂರಿನಿಂದ ಲಾರಿ ತರಿಸಬೇಕಿಲ್ಲ. ಶೀತಲಗೃಹವೂ ಬೇಡ. ನಾಲ್ಕು ಶಾಲೆ, ಎರಡು ಹಾಸ್ಟೆಲ್, ಹತ್ತು ಅಂಗನವಾಡಿ, ಒಂದು ಗೂಡ್ಸ್ ಆಟೊ, ಫೋನಿನಲ್ಲಿ ಒಂದು ಗುಂಪು. ಎಲೆಕೋಸು, ಸಿಹಿಗುಂಬಳ, ಸೀಮೆಬದನೆ ಇನ್ನಷ್ಟು ದಿನ ತಡೆಯುತ್ತವೆ. ಸೊಪ್ಪಿನ ತಂಟೆಗೆ ಮಾತ್ರ ಹೋಗಬೇಡಿ. ಬೆಳಿಗ್ಗೆ ಕಿತ್ತದ್ದು ಮಧ್ಯಾಹ್ನದೊಳಗೆ ಒಲೆ ಏರದಿದ್ದರೆ ದನಕ್ಕೇ ಸರಿ.

ಎರಡನೆಯ ಎಡವಟ್ಟು ಇನ್ನೂ ದೊಡ್ಡದಾಗುತ್ತಿತ್ತು, ರೈತರ ಪ್ರಾಮಾಣಿಕತೆಯಿಂದ ತಪ್ಪಿತು. ಹೊಲದ ಬಳಿ ಆಟೊ ನಿಲ್ಲಿಸಿ ಇಳಿಯುವಾಗ ಅವರು ಓಡಿ ಬಂದು, ‘ನಿನ್ನೆ ಸಂಜೆ ನನ್ನ ಮಗ ಔಷಧಿ ಹೊಡೆದಿದ್ದಾನೆ, ನನಗೆ ಈಗ ಗೊತ್ತಾಯಿತು’ ಎಂದರು. ಔಷಧಿ ಹೊಡೆದ ಮೇಲೆ ಇಂತಿಷ್ಟು ದಿನ ಕೀಳಬಾರದು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಔಷಧಿಯಿಂದ ಔಷಧಿಗೆ, ಬೆಳೆಯಿಂದ ಬೆಳೆಗೆ ಅದು ಬೇರೆ. ಬಾಡಿಗೆ ತೆತ್ತು ಖಾಲಿ ಆಟೊದಲ್ಲಿ ಹಿಂದಿರುಗಿದೆವು. ಅಂದಿನಿಂದ ‘ಎಷ್ಟು ಬಾಕ್ಸ್ ಸಿಗಬಹುದು’ ಎನ್ನುವುದಕ್ಕೆ ಮೊದಲು ‘ಯಾವ ಔಷಧಿ, ಯಾವತ್ತು ಹೊಡೆದದ್ದು, ಡಬ್ಬಿ ಇದೆಯೇ’ ಎಂದು ಕೇಳುತ್ತೇವೆ. ಉತ್ತರದಲ್ಲಿ ಸ್ವಲ್ಪ ತಡವರಿಸಿದರೂ ಕೀಳುವುದಿಲ್ಲ. ಅಮೆರಿಕದಲ್ಲಿ 1996ರಲ್ಲಿ ಒಂದು ಕಾನೂನು ಬಂತು: ಒಳ್ಳೆಯ ಮನಸ್ಸಿನಿಂದ ಆಹಾರ ಕೊಟ್ಟವರ ಮೇಲೆ, ಹಕ್ಕಲಾಯ್ದು ಹಂಚಿದವರ ಮೇಲೆ, ಘೋರ ನಿರ್ಲಕ್ಷ್ಯವಿಲ್ಲದಿದ್ದರೆ ದಾವೆ ನಿಲ್ಲದು. ಹಕ್ಕಲಾಯುವವರು ಎಂಬ ಪದವೇ ಆ ಕಾನೂನಿನಲ್ಲಿದೆ. 1979ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಸೇಂಟ್ ಆಂಡ್ರ್ಯೂ ಸೊಸೈಟಿಯಂಥ ಸಂಸ್ಥೆಗಳು ಅಲ್ಲಿ ಆಲೂಗಡ್ಡೆ, ಗೆಣಸು ಹೊಲಗಳಲ್ಲಿ ಇದನ್ನೇ ಮಾಡುತ್ತವೆ. ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಔಷಧಿ ಡಬ್ಬಿಯನ್ನೇ ಓದೋಣ.

ಮೂರನೆಯದನ್ನು ಹೇಳಲು ನಾಚಿಕೆಯಾಗುತ್ತದೆ. ನಮ್ಮ ಜೊತೆ ಕೀಳಲು ಬಂದಿದ್ದ ಒಬ್ಬ ಹುಡುಗ ಎರಡು ಚೀಲ ಬೇರೆ ಕಡೆ ಇಳಿಸಿಕೊಂಡ. ಮರುದಿನ ಸಂತೆಯಲ್ಲಿ ಹೊಲದ ಯಜಮಾನರು ತಮ್ಮ ಹಣ್ಣನ್ನೇ ತಮ್ಮ ಪಕ್ಕದ ಗೋಣಿತಟ್ಟಿನ ಮೇಲೆ, ತಮಗಿಂತ ಒಂದು ರೂಪಾಯಿ ಕಡಿಮೆಗೆ ಮಾರುತ್ತಿರುವುದನ್ನು ಕಂಡರು. ಅವರು ಬೈಯಲಿಲ್ಲ. ಎರಡು ವರ್ಷ ನಮ್ಮನ್ನು ಹೊಲದ ಹತ್ತಿರ ಬಿಡಲಿಲ್ಲ, ಅಷ್ಟೇ. ಆಮೇಲೆ ನಾನೇ ಮನೆಗೆ ಹೋಗಿ ಕ್ಷಮೆ ಕೇಳಿದೆ. ಹಕ್ಕಲಾಯ್ದದ್ದು ಮಾರಾಟಕ್ಕೆ ಹೋಗಕೂಡದು. ಬಿದ್ದ ಬೆಲೆಯನ್ನು ಇನ್ನಷ್ಟು ತುಳಿಯುವುದಕ್ಕೆ ರೈತ ನಮ್ಮನ್ನು ಒಳಗೆ ಬಿಟ್ಟಿರುವುದಿಲ್ಲ.

ಹಕ್ಕಲಿನಿಂದ ರೈತರ ನಷ್ಟ ತುಂಬುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಟೊಮೆಟೊ, ಈರುಳ್ಳಿ, ಆಲೂಗಡ್ಡೆಗೆಂದು 2018ರ ಕೇಂದ್ರ ಬಜೆಟ್‌ನಲ್ಲಿ 500 ಕೋಟಿ ರೂಪಾಯಿಯ ಯೋಜನೆ ಘೋಷಿಸಿದರು. ಬೆಲೆಯ ಹೋರಾಟ ಅಲ್ಲಿ ನಡೆಯಲಿ, ನಡೆಯಲೇಬೇಕು. ಮಕ್ಕಳಿಗೆ ತರಕಾರಿ ಕೊಟ್ಟಿರಲ್ಲ ಎಂದು ರೈತರ ಬೆನ್ನು ತಟ್ಟಿ ಆ ಪ್ರಶ್ನೆಯನ್ನು ಮುಚ್ಚಿಹಾಕುವ ಕೆಲಸಕ್ಕೆ ನಾನು ಬರುವುದಿಲ್ಲ.

ಇಷ್ಟೆಲ್ಲ ಯಾರು ಸಂಘಟಿಸುತ್ತಾರೆ ಎಂದು ಕೇಳುತ್ತೀರಿ. ಕರಾವಳಿಯಲ್ಲಿ ಹೊರೆಕಾಣಿಕೆ ನೋಡಿದ್ದೀರಾ? ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ. ಅದಕ್ಕೆ ಮುಂಚೆ ಊರೂರುಗಳಿಂದ ಅಕ್ಕಿ, ತೆಂಗಿನಕಾಯಿ, ಕುಂಬಳ, ಸೌತೆ, ಬಾಳೆಗೊನೆ ಹೊತ್ತ ವಾಹನಗಳ ಮೆರವಣಿಗೆ. ಮಟ್ಟುವಿನವರು ತಮ್ಮ ಗುಳ್ಳ ಬದನೆ ತರುತ್ತಾರೆ. ಯಾವ ದಿನ ಯಾವ ಊರಿನದು ಎಂದು ಮೊದಲೇ ನಿಗದಿ; ಉಗ್ರಾಣದಲ್ಲಿ ಲೆಕ್ಕ ಬರೆದುಕೊಳ್ಳುವವರು ಇರುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳ ಹೆಂಗಸರು ಲಕ್ಷಗಟ್ಟಲೆ ಜೋಳದ ರೊಟ್ಟಿ ತಟ್ಟಿ ಟ್ರ್ಯಾಕ್ಟರಿನಲ್ಲಿ ಕಳಿಸುತ್ತಾರೆ. ಇದಕ್ಕೆ ಯಾವ ಸಾಫ್ಟ್‌ವೇರ್ ಬಳಸುತ್ತಾರೆ? ಸಂಘಟನೆ ನಮಗೆ ಬರುವುದಿಲ್ಲ ಎಂಬ ಮಾತನ್ನು ಕರ್ನಾಟಕದಲ್ಲಿ ಕೂತು ಹೇಳಬಾರದು.

ಈ ಹೋಲಿಕೆ ಕೊಟ್ಟಾಗ ಒಂದು ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, ‘ದೇವರಿಗೆ ಆರಿಸಿದ ಕುಂಬಳ, ನಮ್ಮ ಮಕ್ಕಳಿಗೆ ಉಳಿದ ಟೊಮೆಟೊವೇ?’ ಎಂದು ಕೇಳಿದರು. ಸರಿಯಾದ ಏಟು. ಆಗ ಅವರನ್ನೇ ಮುಂದಿನ ಶನಿವಾರ ಹೊಲಕ್ಕೆ ಕರೆದೆ. ಬಂದರು. ಬಿಸಿಲಿಗೆ ಬಿಸಿಯಾಗಿದ್ದ ಒಂದು ಹಣ್ಣನ್ನು ಕಿತ್ತು, ಸೆರಗಿನಲ್ಲಿ ಒರೆಸಿ, ಅಲ್ಲೇ ಕಚ್ಚಿದರು. ‘ಇದಕ್ಕೇನಾಗಿದೆ?’ ಎಂದು ನನ್ನನ್ನೇ ಕೇಳಿದರು. ಬಿದ್ದದ್ದು ಬೆಲೆ, ಹಣ್ಣಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಗೋಡೆಯ ಪಕ್ಕ ಕೂತಿದ್ದ ಹೆಂಗಸೊಬ್ಬರು, ದಿನಗೂಲಿಗೆ ಟೊಮೆಟೊ ಕೀಳುವವರು, ‘ಎಲ್ಲ ಸರಿ ಮೇಡಂ, ಕೀಳುವವರು ನಾವು. ನಮಗೆ ಕೂಲಿ ಯಾರು ಕೊಡುತ್ತಾರೆ?’ ಎಂದು ಕೇಳಿದರು. ಸುಳ್ಳು ಹೇಳಲಾಗಲಿಲ್ಲ. ಮೊದಮೊದಲು ನಾವು ಯಾರಿಗೂ ಕೂಲಿ ಕೊಟ್ಟಿರಲಿಲ್ಲ. ಸೇವೆ ಎಂದುಕೊಂಡಿದ್ದೆವು. ಸಂಬಳ ಬರುವ ಶಿಕ್ಷಕಿಗೆ ಶನಿವಾರ ಮಧ್ಯಾಹ್ನದ ಸೇವೆ ಹಗುರ. ಎರಡು ಸಲ ನಮ್ಮ ಜೊತೆ ಬಂದ ಕೂಲಿಯ ಹೆಂಗಸರಿಗೆ ಒಂದೊಂದು ಚೀಲ ಟೊಮೆಟೊ ಕೊಟ್ಟಾಗ ಒಬ್ಬರು ನಕ್ಕು, ‘ಟೊಮೆಟೊ ನಮ್ಮ ಮನೆಯಲ್ಲೂ ಇದೆ, ಕಾಸು ಕೊಡಿ’ ಎಂದಿದ್ದರು. ಮಣ್ಣುಗಾಳನ್ನು ಕೂಲಿ ಎಂದವರನ್ನು ಬೈದ ಬಾಯಿ ನನ್ನದೇ. ಅಂದಿನಿಂದ ಶಾಲೆಯ ಮೇಲುಸ್ತುವಾರಿ ಸಮಿತಿಯವರು, ಹಳೆಯ ವಿದ್ಯಾರ್ಥಿಗಳು ಹಣ ಹಾಕಿ, ಕೂಲಿಯವರು ಬಂದ ದಿನ ಊರಿನ ದರದಲ್ಲೇ ಕೂಲಿ ಕೊಡುತ್ತಿದ್ದೇವೆ. ತಮ್ಮ ಮನೆಗೆಂದು ಕಿತ್ತುಕೊಂಡರೆ ಅದು ಅವರ ಹಕ್ಕಲು, ಅದರ ಲೆಕ್ಕ ನಾವು ಕೇಳುವುದಿಲ್ಲ. ಹಣ ಸಾಲದ ತಿಂಗಳು ಕಡಿಮೆ ಕೀಳುತ್ತೇವೆ. ಆಕೆ ತಲೆಯಾಡಿಸಿದರು, ಒಪ್ಪಿದರೋ, ನೋಡೋಣ ಎಂದುಕೊಂಡರೋ ತಿಳಿಯಲಿಲ್ಲ.

ಚಹಾ ಕುಡಿಯುವಾಗ ಹಿಂದಿನ ಸಾಲಿನಲ್ಲಿ ಇಡೀ ಹೊತ್ತು ಮೊಬೈಲ್ ನೋಡುತ್ತಿದ್ದ ರೈತರೊಬ್ಬರು ಹತ್ತಿರ ಬಂದರು. ‘ಕೋಸು ಇದೆ, ಅರ್ಧ ಎಕರೆ. ಗುರುವಾರ ರೋಟವೇಟರ್ ಬರುತ್ತದೆ. ಬುಧವಾರ ಬೆಳಿಗ್ಗೆ ಆರಕ್ಕೆ ಬನ್ನಿ. ಔಷಧಿ ಹೊಡೆದು ಇಪ್ಪತ್ತು ದಿನವಾಯಿತು, ಡಬ್ಬಿ ಇಟ್ಟಿದ್ದೇನೆ’ ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು.

‘ಡ್ರಿಪ್ ಪೈಪು ಮಾತ್ರ ತುಳಿಯಬೇಡಿ.’